ಮಾವಿನ ಕುರ್ಚಿಯ ಅಳತೆ

"ನೂರಾರು ರೈತರ ಮೈಯಳತೆಯನ್ನು ತೆಗೆದುಕೊಂಡು, ಅದರಿಂದ ಲೆಕ್ಕ ಹಾಕಿ, ಸೀತಾಪತಿಯವರು ಈ ಕುರ್ಚಿಯ ಒಂದೊಂದು ಅಂಗವನ್ನೂ ಸಾಧ್ಯವಿರುವಷ್ಟು ತೆಳುವಾಗಿಸಿದರು. ಇಷ್ಟು ಸಣ್ಣ ಕಾಲುಗಳ ಮೇಲೆ ನಿಲ್ಲುವ ಬಲ ಮಾವಿನ ಮರಕ್ಕಿದೆಯೆಂದು ಮೊದಲು ಕಂಡುಕೊಂಡವರು ಅವರೇ."

ಬೆಂಗಳೂರಿನಲ್ಲಿ ಸದ್ಯದಲ್ಲೇ ನಡೆಯಲಿರುವ ಒಂದು ಪ್ರದರ್ಶನದಲ್ಲಿ ಕುರ್ಚಿಯ ಪಕ್ಕಕ್ಕೆ ಇಡಲು ಸಿದ್ಧವಾಗಿರುವ ಬರಹ ಇದು. ಅದೇ ಮಾತು ಪ್ರದರ್ಶನದ ಜೊತೆಗೆ ಬರುವ ಪುಸ್ತಕದಲ್ಲಿಯೂ ಇರುತ್ತದಂತೆ. ಕುರ್ಚಿ, ಮೇಜು, ದೀಪಗಳಿಗೆ ಹೊಸ ರೂಪ ಕೊಟ್ಟವರೆಂದು ಹೆಸರಾದ ಸೀತಾಪತಿಯವರು ತೀರಿಕೊಂಡು ಕೆಲವು ವರ್ಷಗಳಾಗಿವೆ. ಅವರ ಕುರಿತಾದ ಭಾಷಣಗಳಲ್ಲಿ, ಪತ್ರಿಕೆಗಳ ಲೇಖನಗಳಲ್ಲಿ ಈ ಎರಡು ವಾಕ್ಯಗಳನ್ನು ಕೇಳಿ, ಓದಿ ನನಗೆ ಸಾಕಾಗಿದೆ. ಇವುಗಳಲ್ಲಿ ಮರದ ಹೆಸರೊಂದನ್ನು ಬಿಟ್ಟರೆ ಉಳಿದದ್ದು ನಿಜವಲ್ಲ. ಆ ಕುರ್ಚಿ ಹುಟ್ಟಿದಾಗ ಮಾಲೂರಿನ ಆ ಕೆಲಸದ ಕೊಟ್ಟಿಗೆಯಲ್ಲಿ ಇದ್ದವರು ಮೂವರು. ಅವರಲ್ಲಿ ಉಳಿದಿರುವವನು ನಾನೊಬ್ಬ.

ಈ ಬರಹವನ್ನು ನನಗೆ ತೋರಿಸಿದ್ದು ಪ್ರದರ್ಶನದ ಕೆಲಸ ನೋಡಿಕೊಳ್ಳುವ ಚೈತ್ರ ಎಂಬ ಹೆಣ್ಣುಮಗಳು. ಹಳಬರನ್ನು ಹುಡುಕಿಕೊಂಡು ಹೋಳೂರಿನ ನನ್ನ ಮನೆಯವರೆಗೂ ಬಂದಿದ್ದಳು. ಸಂಭಾವಿತೆ. ನಾನು ಓದಿ, "ಇದು ಸುಳ್ಳಮ್ಮ" ಅಂದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ.

"ಸುಳ್ಳು ಅನ್ನೋಕೆ ಏನಾದ್ರೂ ದಾಖಲೆ ಇದೆಯಾ ತಾತ? ನಿಜ ಅನ್ನೋಕೆ ನಮ್ಮ ಹತ್ರ ಇದೆ" ಎಂದು ಚೀಲದಿಂದ ಒಂದು ಹಳೆಯ ಕರಪತ್ರವನ್ನು ತೆಗೆದು ನನ್ನ ಮುಂದಿಟ್ಟಳು. "ನೋಡಿ, ಕುರ್ಚಿ ಮಾರೋಕೆ ಬಂದಾಗಲೇ ಅಚ್ಚಾಗಿದ್ದು. ಆ ಕಾಲದವರೇ ಬರೆದದ್ದು."

ಕನ್ನಡಕ ಹಾಕಿಕೊಂಡು ಅದನ್ನು ನೋಡಿದೆ. ಮಡಿಸಿ ಅವಳಿಗೇ ಹಿಂದಕ್ಕೆ ಕೊಟ್ಟೆ. ಕಾಫಿ ಕುಡಿದು ಅವಳು ಹೋದಳು. ಪುಸ್ತಕ ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ, ಏನಾದರೂ ಸಿಕ್ಕರೆ ಅಷ್ಟರೊಳಗೆ ಹೇಳಿ ಎಂದು ಹೋಗುವಾಗಲೂ ನೆನಪಿಸಿದಳು.

ಹತ್ತು ದಿನದ ನಂತರ ನೆಂಟರೊಬ್ಬರ ತಿಥಿಗೆಂದು ಗೌನಿಪಲ್ಲಿಯ ಕಡೆಗೆ ಹೋಗಬೇಕಾಯಿತು. ರಸ್ತೆಯ ಬದಿಯಲ್ಲಿ ಫಲ ನಿಂತುಹೋದ ಮಾವಿನ ಮರಗಳನ್ನು ಉರುಳಿಸಿ ಕೊಯ್ಯುತ್ತಿದ್ದರು. ಬಸ್ಸು ನಿಂತಿದ್ದ ಐದು ನಿಮಿಷ ಆ ಹಸಿ ಹೊಟ್ಟಿನ ವಾಸನೆ ಕಿಟಕಿಯೊಳಗೆ ಬಂತು. ಹುಳಿಯೂ ಅಲ್ಲದ, ಸಿಹಿಯೂ ಅಲ್ಲದ, ಸ್ವಲ್ಪ ಗಂಟಲು ಹಿಡಿಯುವ ವಾಸನೆ. ಒಂದು ಇಡೀ ವರ್ಷ ನನ್ನ ಅಂಗಿಯಿಂದ, ತಲೆಗೂದಲಿನಿಂದ, ಊಟದ ಡಬ್ಬಿಯಿಂದ ಬರುತ್ತಿದ್ದ ವಾಸನೆ ಅದು. ಮನೆಗೆ ಬಂದ ಮೇಲೆ ಬರೆಯಲು ಕುಳಿತೆ.

ನಾನು ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಎರಡು ಸಲ ಬಿದ್ದು, ಓದು ಬಿಟ್ಟವನು. ಮಾಲೂರಿನಲ್ಲಿ ಮುಚ್ಚಿಹೋಗಿದ್ದ ಹೆಂಚಿನ ಕಾರ್ಖಾನೆಯೊಂದರ ಕೊಟ್ಟಿಗೆಯನ್ನು ಬಾಡಿಗೆಗೆ ಹಿಡಿದು ಯಾರೋ ಬೆಂಗಳೂರಿನವರು ಕುರ್ಚಿ ಮಾಡಿಸುತ್ತಾರಂತೆ, ಲೆಕ್ಕ ಬರೆಯುವವರು ಬೇಕಂತೆ ಎಂದು ಕೇಳಿ ಹೋದೆ. ಸೀತಾಪತಿಯವರು ಆಗ ನಲವತ್ತರ ಆಸುಪಾಸಿನವರು. ಪರದೇಶದಲ್ಲಿ ಕಲಿತು ಬಂದು, ಕಚೇರಿಗಳಿಗೆ ಉಕ್ಕಿನ ಬೀರು ಮಾಡುವ ಕಂಪನಿಯಲ್ಲಿ ಹಲವು ವರ್ಷ ದುಡಿದು, ಒಂದೇ ಬೀರುವನ್ನು ಮತ್ತೆ ಮತ್ತೆ ಬರೆದು ಬೇಸತ್ತು ಬಿಟ್ಟು ಬಂದಿದ್ದರು. ಅವರ ತಲೆಯಲ್ಲಿ ಇದ್ದದ್ದು ಒಂದೇ ವಿಚಾರ: ಶ್ರೀನಿವಾಸಪುರದ ಕಡೆ ಪ್ರತಿ ವರ್ಷ ಮುದಿ ಮಾವಿನ ಮರಗಳನ್ನು ಕಡಿಯುತ್ತಾರೆ, ಅವೆಲ್ಲ ಮಾಲೂರಿನ ಇಟ್ಟಿಗೆ ಗೂಡಿಗೆ ಸೌದೆಯಾಗುತ್ತವೆ, ಸುಡುವ ಆ ಮರದಲ್ಲಿ ಸಾಮಾನ್ಯ ಮನೆಯವರು ಕೊಳ್ಳಬಹುದಾದ ಒಂದು ಕುರ್ಚಿಯನ್ನು ಮಾಡಬೇಕು. ಒಂದು ವರ್ಷಕ್ಕಾಗುವಷ್ಟು ಹಣ ಕೈಯಲ್ಲಿತ್ತು. ಅದರೊಳಗೆ ಆಗದಿದ್ದರೆ ಮತ್ತೆ ಬೀರು.

ಆಷಾಢದಲ್ಲಿ ಮರ ಬಂತು. ಮಾವಿಗೆ ಹುಳ ಬೀಳುವುದು ಬೇಗ. ಹಲಗೆ ಕೊಯ್ಯಿಸಿ ಕೆರೆಯ ನೀರಿನಲ್ಲಿ ಮುಳುಗಿಸಿಟ್ಟು, ರಸವೆಲ್ಲ ಇಳಿದ ಮೇಲೆ ತೆಗೆದು ನೆರಳಿನಲ್ಲಿ ಒಣಗಿಸಬೇಕು. ಶ್ರಾವಣ, ಭಾದ್ರಪದ ಎರಡೂ ತಿಂಗಳು ನಾನು ಮೊಣಕಾಲುದ್ದ ನೀರಿನಲ್ಲಿ ನಿಂತು ಹಲಗೆಗಳ ಮೇಲೆ ಕಲ್ಲು ಹೇರಿದ್ದೇ ಹೇರಿದ್ದು. ದನ ತೊಳೆಯಲು ಬಂದವರು, "ಮರ ಏನು ಬಿತ್ತನೆ ಬತ್ತನಾ, ಮೊಳಕೆ ಬರಿಸ್ತಿದೀಯ?" ಎಂದು ಕೇಳಿ ಹೋಗುತ್ತಿದ್ದರು.

ಮರ ಒಣಗುವವರೆಗೆ ಸೀತಾಪತಿಯವರು ಸುಮ್ಮನೆ ಕೂರಲಿಲ್ಲ. ಪಕ್ಕದಲ್ಲಿ ಇನ್ನೂ ನಡೆಯುತ್ತಿದ್ದ ಬೇರೊಂದು ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಬೇಡಿ, ಹೆಂಚಿನ ಮಣ್ಣಿನಲ್ಲೇ ತೂಗುದೀಪದ ಮುಚ್ಚಳ ಮಾಡಿಸಿದರು. ಹೊರಗೆ ಕೆಂಪು, ಒಳಗೆ ಸುಣ್ಣದ ಬಿಳುಪು. ಬೆಳಕು ಕಣ್ಣಿಗೆ ಚುಚ್ಚದೆ ನೇರವಾಗಿ ಪುಸ್ತಕದ ಮೇಲೆ ಬೀಳುತ್ತಿತ್ತು. ಅವರು ತಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಕೊಂಡಿದ್ದು ಆ ದೀಪವನ್ನು. ಕೊಂಡವರು ಯಾರೂ ಇಲ್ಲ. ಮುಳಬಾಗಿಲಿನ ದೋಸೆ ಹೋಟೆಲಿನವರೊಬ್ಬರು ಮುಲಾಜಿಗೆ ಎರಡು ನೇತುಹಾಕಿಕೊಂಡರು. ಊಟಕ್ಕೆ ಬಂದವರು, "ಹೂವಿನ ಕುಂಡ ಯಾಕ್ರೀ ತಲೆಕೆಳಗೆ ಕಟ್ಟಿದ್ದೀರ, ಗಿಡ ಬಿದ್ದೋಗಲ್ವಾ?" ಎಂದು ಕೇಳಿ ಕೇಳಿ ಅವರೂ ಬಿಚ್ಚಿಹಾಕಿದರು. ಅದರಲ್ಲೊಂದು ಈಗಲೂ ನನ್ನ ಮೇಜಿನ ಮೇಲೆ ತೂಗುತ್ತಿದೆ. ನಾನು ಓದಿದ್ದೆಲ್ಲ ಅದರ ಕೆಳಗೆ.

ಮೈಯಳತೆಯ ಮಾತಿಗೆ ಬರುತ್ತೇನೆ. ಅಳತೆ ತೆಗೆದದ್ದು ನಿಜ. ನೂರಾರು ಜನರದ್ದಲ್ಲ, ಹನ್ನೊಂದು ಜನರದ್ದು. ಮಾಲೂರಿನ ಸಂತೆಯಲ್ಲಿ ಮಾದರಿ ಕುರ್ಚಿಯೊಂದನ್ನು ಇಟ್ಟುಕೊಂಡು, ಬಂದವರನ್ನು ಕೂರಿಸಿ, ನಾನು ಟೇಪು ಹಿಡಿಯುತ್ತಿದ್ದೆ. ಹನ್ನೆರಡನೆಯವರು ಹುರುಳಿಕಾಯಿ ಮಾರಲು ಬಂದಿದ್ದ ಒಬ್ಬ ಹೆಂಗಸು.

"ನನ್ ಮೊಣಕಾಲು ಅಳ್ಕೊಂಡು ಏನ್ ಮಾಡ್ತೀರಪ್ಪ, ಕುರ್ಚಿ ಕೊಡ್ತೀರಾ?"

"ಇಲ್ಲಮ್ಮ, ಮಾರ್ತೀವಿ."

"ಅಂಗಾದ್ರೆ ಮೊಣಕಾಲಿಗೆ ಬಾಡಿಗೆ ಮಡಗು, ಆಮೇಲೆ ಅಳಿ."

ಸುತ್ತಲಿದ್ದವರು ನಕ್ಕರು. ಅಲ್ಲಿಗೆ ಅಳತೆಯ ಕೆಲಸ ಮುಗಿಯಿತು. ಆ ಹನ್ನೊಂದು ಜನರಿಂದ ತಿಳಿದದ್ದೂ ಇಷ್ಟೇ: ಎಲ್ಲರೂ ಕೂತ ಅರೆಗಳಿಗೆಯಲ್ಲಿ ಕಾಲು ಮೇಲೆತ್ತಿ ಮಡಿಸಿಕೊಂಡರು. ಕುರ್ಚಿ ಎತ್ತರವಾಯಿತು, ಕಾಲು ಗಿಡ್ಡ ಮಾಡಬೇಕು ಎಂದು ಸೀತಾಪತಿಯವರು ತೀರ್ಮಾನಿಸಿದರು.

ಆ ಮಾದರಿಯನ್ನು ಮಾಡಿಕೊಟ್ಟಿದ್ದ ಬಡಗಿ ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಆಗ ಬಂದವರು ಶಿವಾರಪಟ್ಟಣದ ನಂಜುಂಡಾಚಾರಿ. ಅವರದು ಕಲ್ಲಿನಲ್ಲಿ ದೇವರನ್ನು ಕಡೆಯುವ ಮನೆತನ. ಮರದ ಕೆಲಸವೂ ಬರುತ್ತಿತ್ತು. ಐವತ್ತು ದಾಟಿದ್ದ ಅವರಿಗೆ ಉಳಿಯ ಸದ್ದಿನಲ್ಲಿ ಬಾಳಿ ಆಗಲೇ ಒಂದು ಕಿವಿ ಮಂದವಾಗಿತ್ತು. ನಕ್ಷೆಯನ್ನು ಚೆನ್ನಾಗಿ ಓದುತ್ತಿದ್ದರು. ಆದರೆ ಅದರ ಅಂಕಿಗಳನ್ನು ಒಂದು ಸಲ ನೋಡಿ ಬದಿಗಿಟ್ಟು, ಒಂದು ದಾರವನ್ನೂ ಬಿದಿರಿನ ಕಡ್ಡಿಯನ್ನೂ ಕೈಗೆ ತೆಗೆದುಕೊಳ್ಳುತ್ತಿದ್ದರು. ಅವರ ಕುಲಕಸುಬಿನಲ್ಲಿ ವಿಗ್ರಹದ ಎತ್ತರವನ್ನು ಒಂಬತ್ತು ಪಾಲು ಮಾಡಿ, ಒಂದು ಪಾಲನ್ನು ಒಂದು ಮುಖ ಎನ್ನುತ್ತಾರೆ. ಎದೆ ಇಷ್ಟು ಮುಖ, ತೊಡೆ ಇಷ್ಟು ಮುಖ, ಬೆರಳು ಮುಖದಲ್ಲಿ ಇಷ್ಟನೆಯ ಭಾಗ. ಅಡಿ ಅಂಗುಲಗಳ ಮಾತೇ ಇಲ್ಲ. ಎತ್ತರ ಹೇಳಿದರೆ ಸಾಕು, ಉಳಿದದ್ದೆಲ್ಲ ಅದರಿಂದಲೇ ಹುಟ್ಟಿಬರುತ್ತದೆ.

ಮಾಘದ ಹೊತ್ತಿಗೆ ಮರ ಒಣಗಿತ್ತು. ಬೆಂಗಳೂರಿನ ದೊಡ್ಡ ಮಳಿಗೆಯೊಂದರವರು ಹನ್ನೆರಡು ಕುರ್ಚಿಗಳನ್ನು ನೋಡಲು ಬರುತ್ತಾರೆಂದು ಗೊತ್ತಾಯಿತು. ವರ್ಷದ ಹಣ ಮುಗಿಯುತ್ತಾ ಬಂದಿತ್ತು. ಅವರು ಒಪ್ಪಿದರೆ ಕೊಟ್ಟಿಗೆ ಉಳಿಯುತ್ತದೆ, ಇಲ್ಲವಾದರೆ ಮುಚ್ಚುತ್ತದೆ. ಇದು ಮೂವರಿಗೂ ತಿಳಿದಿತ್ತು. ಸೀತಾಪತಿಯವರು ಬೆಂಗಳೂರಿಗೆ ಹೊರಡುವ ಅವಸರದಲ್ಲಿ ನಕ್ಷೆಯ ಮೇಲೆ ಒಂದೇ ಒಂದು ಅಂಕಿಯನ್ನು, ಒಟ್ಟು ಎತ್ತರವನ್ನು, ಹೊಡೆದುಹಾಕಿ ಕಡಿಮೆ ಬರೆದು ನನ್ನ ಕೈಗೆ ಕೊಟ್ಟರು.

"ಮುನಿಶಾಮಿ, ಆಚಾರ್ರಿಗೆ ಕೊಡಿ. ಕಾಲು ಮಾತ್ರ ಕಮ್ಮಿ ಮಾಡ್ಬೇಕು, ಮಿಕ್ಕದ್ದು ಹಾಗೇ ಇರ್ಲಿ ಅಂತ ಬಾಯಲ್ಲೂ ಹೇಳಿ."

ನಾನು ಹೋದಾಗ ಆಚಾರಿ ಊಟಕ್ಕೆ ಹೋಗಿದ್ದರು. ನಕ್ಷೆಯನ್ನು ಉಳಿಯ ಕೆಳಗೆ ಸಿಕ್ಕಿಸಿ ಬಂದೆ. ಸಂಜೆ ಹೇಳೋಣ ಎಂದುಕೊಂಡೆ. ಸಂಜೆ ಮಾಲೂರಿನ ವಾಚನಾಲಯದಲ್ಲಿ ಒಂದು ಪುಸ್ತಕ ಸಿಕ್ಕಿತು. ಹೇಳುವುದು ಮರೆತುಹೋಯಿತು.

ಮೂರು ವಾರ ಬಿಟ್ಟು ಸೀತಾಪತಿಯವರು ಬಂದರು. ಮಾರನೆಯ ದಿನ ಮಳಿಗೆಯವರು ಬರಬೇಕು. ಹನ್ನೆರಡು ಕುರ್ಚಿಗಳು ಗೋಡೆಯ ಉದ್ದಕ್ಕೂ ನಿಂತಿದ್ದವು. ಅವರು ಬಾಗಿಲಲ್ಲೇ ನಿಂತರು.

"ಇದೇನು ಆಚಾರ್ರೇ, ಕುರ್ಚಿ ಮರಿ ಹಾಕಿದೆಯಾ?"

ಕಾಲುಗಳು ಮಾತ್ರ ಗಿಡ್ಡವಾಗಿರಲಿಲ್ಲ. ಬೆನ್ನು, ಕೈ, ಅಡ್ಡಪಟ್ಟಿ, ಆಸನ, ಎಲ್ಲವೂ ಎತ್ತರದ ಜೊತೆಗೇ ಇಳಿದಿದ್ದವು. ಸೀತಾಪತಿಯವರು ಮಾವಿನ ಮರವನ್ನು ನಂಬದೆ ದಪ್ಪವಾಗಿ ಬರೆದಿದ್ದ ಕಾಲುಗಳು ಎರಡು ಬೆರಳಿನ ದಪ್ಪಕ್ಕೆ ಇಳಿದಿದ್ದವು.

"ಎತ್ತರ ಕಮ್ಮಿ ಅಂತ ನೀವೇ ಅಲ್ವಾ ಸಾಮಿ ಬರ್ದಿದ್ದು?"

"ಕಾಲು ಮಾತ್ರ ಅಂತ ಹೇಳಿಕಳಿಸಿದ್ನಲ್ಲ."

ಆಚಾರಿ ನನ್ನ ಕಡೆ ನೋಡಿದರು. ನಾನು ಸೂರಿನ ಹೆಂಚುಗಳನ್ನು ನೋಡುತ್ತಿದ್ದೆ.

"ಹೇಳಿರ್ಬೇಕು ಸಾಮಿ, ಈ ಕಿವಿಗೆ ಬಿದ್ದಿಲ್ಲ. ಆದ್ರೂ ನೋಡಿ, ಒಂದು ಮಾರ್ಚಿದ್ರೆ ಅನ್ನೀ ಮಾರ್ಚಾಲ, ಒಂದು ಬದಲಾಯಿಸಿದ್ರೆ ಎಲ್ಲಾನೂ ಬದಲಾಯಿಸ್ಬೇಕು. ಕಾಲೊಂದೇ ಕಡಿದ್ರೆ ಕುಳ್ಳನ ಕಾಲ್ ಮೇಲೆ ಭೀಮನ ಮೈ ಕೂರಿಸ್ದಂಗೆ ಆಗ್ತದೆ. ನನ್ ಕೈಯಲ್ಲಿ ಅಂಗೆ ಬರಲ್ಲ."

"ಇದು ಮಾವು ಆಚಾರ್ರೇ. ತೇಗ ಅಲ್ಲ. ಈ ಕಾಲು ನಿಲ್ಲಲ್ಲ."

"ಗೇಣುದ್ದದ ವಿಗ್ರಹಾನೂ ನಿಲ್ತದೆ, ಆಳೆತ್ತರದ್ದೂ ನಿಲ್ತದೆ. ಅಳತೆ ಕೆಟ್ಟಿದ್ದೇ ಬೀಳೋದು. ಲೇ ಮುನಿಶಾಮಿ, ಪಕ್ಕದಿಂದ ಪಾಪಣ್ಣನ್ನ ಕರ್ಕೊಂಡ್ ಬಾ."

ಪಾಪಣ್ಣ ಹೆಂಚಿನ ಕಾರ್ಖಾನೆಯಲ್ಲಿ ಲಾರಿಗೆ ಹೊರೆ ಹೊರುವವನು. ಎರಡು ಮೂಟೆ ರಾಗಿಯ ತೂಕದ ಆಳು. ಕೂರು ಎಂದರೆ ಕೂತ. ಕಾಲು ಮೇಲೆತ್ತಿ ಮಡಿಸಿಕೊಂಡ. ಹಿಂದಕ್ಕೆ ಒರಗಿದ. ಕುರ್ಚಿ ಒಂದು ಸದ್ದೂ ಮಾಡಲಿಲ್ಲ. ನಾವು ಮೂವರೂ ಅವನನ್ನೇ ನೋಡುತ್ತಿರಲು, ಅವನು ಸ್ವಲ್ಪ ಹೊತ್ತು ಕಾದು, "ಕೂರಿಸಿಬಿಟ್ಟು ಬರೀ ಮುಖ ನೋಡ್ತೀರಲ್ಲಪ್ಪ, ಟೀ ಗೀ ತರ್ಸಲ್ವಾ?" ಎಂದ.

ಟೀ ತಂದೆ. ಅವನು ಹೋದ ಮೇಲೆ ಸೀತಾಪತಿಯವರು ಒಂದು ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದರು. ಅವರ ಹಳೆಯ ಮಾದರಿಯನ್ನು ಎತ್ತಲು ಎರಡು ಕೈ ಬೇಕಿತ್ತು. ಆಮೇಲೆ ಅದರಲ್ಲೇ ಕುಳಿತು, ಪಕ್ಕದ ಕಾರ್ಖಾನೆಯ ಸಂಜೆಯ ಸೈರನ್ ಆಗುವವರೆಗೂ ಏಳಲಿಲ್ಲ.

ಮಳಿಗೆಯವರು ಹನ್ನೆರಡನ್ನೂ ಒಪ್ಪಿಕೊಂಡು, ಇನ್ನಷ್ಟು ಕೇಳಿ ಹೋದರು. ಆ ದಿನ ಮಧ್ಯಾಹ್ನ ಸೀತಾಪತಿಯವರು ಆಚಾರಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

"ಆಚಾರ್ರೇ, ಕುರ್ಚಿಯ ಕೆಳಗಡೆ ನನ್ನ ಹೆಸರಿನ ಜೊತೆ ನಿಮ್ಮ ಹೆಸರೂ ಒತ್ತಿಸೋಣ."

"ಕಂಡೋರೆಲ್ಲ ಕೂತ್ಕೊಳ್ಳೋ ಜಾಗದ ಕೆಳಗೆ ನನ್ ಹೆಸರಾ? ಬ್ಯಾಡಿ ಸಾಮಿ. ದೇವ್ರ ಪೀಠಕ್ಕೇ ನಾವು ಹೆಸರು ಹಾಕ್ಕೊಳ್ಳಲ್ಲ." ಉಳಿಯನ್ನು ಕೈಗೆತ್ತಿಕೊಂಡು, "ಅಲ್ದೆ ನೀವು ಹೇಳಿದ್ದೊಂದು, ನಾನು ಮಾಡಿದ್ದೊಂದು. ತಪ್ಪು ಮಾಡಿದೋನು ಹೆಸರು ಕೇಳ್ತಾನಾ" ಅಂದರು.

ತಪ್ಪು ನನ್ನದೆಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ನಾನು ಮೊಳೆಯ ಡಬ್ಬಿಗಳನ್ನು ಜೋಡಿಸುತ್ತಾ ಸುಮ್ಮನಿದ್ದೆ. ಕೆಲಸ ಹೋದೀತೆಂಬ ಹೆದರಿಕೆಯೊಂದೇ ಅಲ್ಲ. ನಾನು ಓದುವವನು, ಎಲ್ಲವನ್ನೂ ನೆನಪಿಡುವವನು ಎಂದು ಇಬ್ಬರೂ ನಂಬಿದ್ದರು. ಆ ನಂಬಿಕೆ ನನಗೆ ಬೇಕಾಗಿತ್ತು. ಕಿವಿಗೆ ಬಿದ್ದಿಲ್ಲ ಎಂದು ಆಚಾರಿ ಹೇಳಿದ್ದು ನನ್ನನ್ನು ಉಳಿಸಲೋ, ನಿಜವಾಗಿಯೂ ಹಾಗೆಂದು ನಂಬಿಯೋ, ಇಂದಿಗೂ ನನಗೆ ತಿಳಿಯದು.

ಮಳಿಗೆಯವರಿಗೆ ಒಂದು ಕರಪತ್ರ ಬೇಕಾಗಿತ್ತು. "ನೀವೇ ಬರೆಯಿರಿ, ನಿಮ್ಮ ಕನ್ನಡ ಚೆನ್ನಾಗಿದೆ" ಎಂದು ಸೀತಾಪತಿಯವರು ನನಗೆ ಹೇಳಿದರು. ಆಚಾರಿಯ ಹೆಸರು ಬರೆಯುವಂತಿಲ್ಲ. ತಪ್ಪಿನಿಂದ ಆಯಿತೆಂದು ಬರೆದರೆ ತಪ್ಪು ಯಾರದೆಂಬ ಪ್ರಶ್ನೆ ಏಳುತ್ತದೆ. ಹಾಗಾಗಿ ಸಂತೆಯ ಹನ್ನೊಂದು ಜನರನ್ನು ಹಿಡಿದುಕೊಂಡು ಬರೆದೆ. "ನೂರಾರು ರೈತರ ಮೈಯಳತೆಯನ್ನು ತೆಗೆದುಕೊಂಡು, ಅದರಿಂದ ಲೆಕ್ಕ ಹಾಕಿ." ಚೈತ್ರ ನನ್ನ ಮುಂದಿಟ್ಟದ್ದು ಅದೇ ಕರಪತ್ರ. ನಾನು ಇಷ್ಟು ವರ್ಷ ಸುಳ್ಳೆಂದು ಹೇಳಿಕೊಂಡು ಬಂದ ವಾಕ್ಯವನ್ನು ಬರೆದವನು ನಾನೇ. ಲೋಕ ಅದಕ್ಕೆ ಒಂದು ಅಕ್ಷರವನ್ನೂ ಸೇರಿಸಿಲ್ಲ.

ಸೀತಾಪತಿಯವರು ಅಚ್ಚಿಗೆ ಮುಂಚೆ ಓದಿ, ಆ ಪದದ ಕೆಳಗೆ ಗೆರೆ ಎಳೆದು ಕೇಳಿದರು.

"ಈ ನೂರಾರು ಜನ ಯಾರು ಮುನಿಶಾಮಿ?"

"ಓದೋರಿಗೆ ನಂಬಿಕೆ ಬರ್ಬೇಕಲ್ಲ ಸಾರ್."

ಅಚ್ಚಿನ ಮನೆಯವನು ಬಾಗಿಲಲ್ಲಿ ಕಾಯುತ್ತಿದ್ದ. ಅವರು ಎರಡು ದಿನದಿಂದ ನಿದ್ದೆ ಮಾಡಿರಲಿಲ್ಲ. "ಹೋಗ್ಲಿ ಬಿಡಿ" ಅಂದರು.

ಮುಂದಿನ ಮಾವಿನ ಸುಗ್ಗಿಯ ಹೊತ್ತಿಗೆ ಕೆಲಸವನ್ನೆಲ್ಲ ಮಳಿಗೆಯವರು ತಮ್ಮ ಕಡೆಗೆ ಒಯ್ದರು. ಕೊಟ್ಟಿಗೆ ಖಾಲಿಯಾಯಿತು. ಆಚಾರಿ ತಮ್ಮ ಕಲ್ಲಿಗೆ ಹಿಂದಿರುಗಿದರು. ನಾನು ಹೋಳೂರಿಗೆ ಬಂದು, ವಾಚನಾಲಯ ನೋಡಿಕೊಳ್ಳುವ ಕೆಲಸಕ್ಕೆ ಸೇರಿ, ಅಲ್ಲೇ ಮುದುಕನಾದೆ. ಸೀತಾಪತಿಯವರ ಏಳಿಗೆ ಶುರುವಾದದ್ದು ಅಲ್ಲಿಂದ. ಆಸ್ಪತ್ರೆಗಳಿಗೆ ಒಂದರ ಮೇಲೊಂದು ಪೇರಿಸಿಡುವ ಸ್ಟೂಲು, ಹಾಸ್ಟೆಲುಗಳಿಗೆ ಓದುವ ಮೇಜು, ಮಡಿಚುವ ಕತ್ತಿನ ಮೇಜುದೀಪ ಎಂದು ಒಂದಾದ ಮೇಲೊಂದು ಮಾಡಿದರು. ಕಾಲೇಜುಗಳಲ್ಲಿ ಪಾಠ ಹೇಳಿದರು. ಎಲ್ಲಿ ಹೋದರೂ ಜನ ಕೇಳಿದ್ದು ಮಾವಿನ ಕುರ್ಚಿಯನ್ನೇ. ಒಮ್ಮೆ ಕೋಲಾರದಲ್ಲಿ ಅವರ ಭಾಷಣಕ್ಕೆ ನಾನೂ ಹೋಗಿದ್ದೆ. "ಆ ಕುರ್ಚಿ ನನ್ನ ಲೆಕ್ಕದಿಂದ ಆದದ್ದಲ್ಲ. ಶಿವಾರಪಟ್ಟಣದ ಒಬ್ಬ ಶಿಲ್ಪಿ ನನ್ನ ನಕ್ಷೆಯನ್ನು ಮೀರಿ ಮಾಡಿದ್ದು" ಎಂದು ಅವರು ನೇರವಾಗಿ ಹೇಳಿದರು. ಸಭೆ ಅದನ್ನು ಅವರ ದೊಡ್ಡತನವೆಂದು ತಿಳಿದು ಚಪ್ಪಾಳೆ ತಟ್ಟಿತು. ಅವರು ಕೈ ಎತ್ತಿ ತಡೆಯಲು ನೋಡಿದರು. ಚಪ್ಪಾಳೆ ಇನ್ನೂ ಜೋರಾಯಿತು. ಹೊರಗೆ ಸಿಕ್ಕಾಗ, "ನಿಮ್ಮ ಕರಪತ್ರ ನನಗಿಂತ ಗಟ್ಟಿ ಮುನಿಶಾಮಿ" ಅಂದರು. ನಗುತ್ತಾ ಅಂದರು. ಅಂದೂ ನಾನು ನನ್ನ ಮರೆವಿನ ಮಾತನ್ನು ಎತ್ತಲಿಲ್ಲ.

ಆಚಾರಿಗೆ ಹೇಳಬೇಕೆಂದು ಒಂದು ಸಲ ಶಿವಾರಪಟ್ಟಣಕ್ಕೆ ಹೋದದ್ದುಂಟು. ಅಷ್ಟರಲ್ಲಿ ಅವರಿಗೆ ಎರಡು ಕಿವಿಯೂ ಪೂರ್ತಿ ಹೋಗಿತ್ತು. ಬೀದಿಯುದ್ದಕ್ಕೂ ಕಲ್ಲು ಕೊಯ್ಯುವ ಯಂತ್ರಗಳ ಸದ್ದು. ಜಗಲಿಯ ಮೇಲೆ ಕೂರಿಸಿ, ನನ್ನ ಕೈ ಹಿಡಿದು, "ಕುರ್ಚಿ ಅಂಗೇ ಅವಾ? ಕಾಲು ಮುರೀಲಿಲ್ವಾ?" ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ಕೂಗಿ ಹೇಳಬಹುದಾದ ಮಾತಾಗಿರಲಿಲ್ಲ ನನ್ನದು. ಬರೆದು ತೋರಿಸಬಹುದಿತ್ತು, ಜೇಬಿನಲ್ಲಿ ಪೆನ್ನಿತ್ತು. ಬರೆಯಲಿಲ್ಲ. ಅದರ ಮುಂದಿನ ವರ್ಷ ಅವರು ಹೋದರು.

ಈಗ ಬರೆಯುತ್ತಿದ್ದೇನೆ. ಮರೆತವನಿಗೆ ಕುರ್ಚಿಯಲ್ಲಿ ಪಾಲು ಬೇಕಿಲ್ಲ. ಆಚಾರಿ ಮಾತು ಮೀರಿದವರಲ್ಲ, ಆ ಮಾತು ಅವರಿಗೆ ತಲುಪಲೇ ಇಲ್ಲ ಎಂಬುದಷ್ಟು ಅಚ್ಚಾಗಬೇಕು. ಹೆಸರು ಬೇಡವೆಂದು ಅವರು ಹೇಳಿದ್ದಕ್ಕೆ ಕೊಟ್ಟ ಎರಡು ಕಾರಣಗಳಲ್ಲಿ ಒಂದು ನನ್ನಿಂದ ಹುಟ್ಟಿದ ಸುಳ್ಳು. ಮತ್ತೊಂದು ಕಾರಣವನ್ನು ಮೀರಿ ಅವರ ಹೆಸರನ್ನು ಹಾಕುವುದೋ ಬಿಡುವುದೋ ಎಂಬುದನ್ನು ಶಿವಾರಪಟ್ಟಣದಲ್ಲಿರುವ ಅವರ ಮನೆಯವರನ್ನು ಕೇಳಿ ಚೈತ್ರ ತೀರ್ಮಾನಿಸಲಿ.

ಸುಳ್ಳು ಬರೆದವನೆಂದು ಒಪ್ಪಿಕೊಂಡ ಮೇಲೆ ನನ್ನ ಮಾತನ್ನು ಯಾರೂ ನಂಬಬೇಕಾಗಿಲ್ಲ. ನನಗೇ ನನ್ನ ನೆನಪಿನ ಮೇಲೆ ಪೂರ್ತಿ ನಂಬಿಕೆಯಿಲ್ಲ. ಆ ಹನ್ನೆರಡರಲ್ಲಿ ಒಂದು ಕುರ್ಚಿಯನ್ನು ಸೀತಾಪತಿಯವರು ಹೋಳೂರಿನ ವಾಚನಾಲಯಕ್ಕೆ ಕೊಟ್ಟಿದ್ದರು; ಅದು ಈಗಲೂ ಅಲ್ಲಿದೆ. ಇಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ ನಾನು ಒಮ್ಮೆಯೂ ಅಳೆದು ನೋಡಿರಲಿಲ್ಲ. ಗೌನಿಪಲ್ಲಿಯಿಂದ ಬಂದ ಮರುದಿನ ಹೂ ಕಟ್ಟುವ ದಾರ ತೆಗೆದುಕೊಂಡು ಹೋದೆ. ನೆಲದಿಂದ ಬೆನ್ನಿನ ತುದಿಯವರೆಗೆ ಹಿಡಿದು ಕತ್ತರಿಸಿದೆ. ಮೂರು ಮಡಿಚಿ, ಮತ್ತೆ ಮೂರು ಮಡಿಚಿದೆ. ಆ ಒಂದು ಪಾಲಿನ ಐದರಷ್ಟು ಆಸನದ ಅಗಲ. ಆಸನದಿಂದ ಬೆನ್ನಿನ ತುದಿಗೂ ಐದು. ಕಾಲಿನ ದಪ್ಪ ಆ ಪಾಲಿನ ಮೂರನೆಯ ಒಂದು. ನೆಲದಿಂದ ಆಸನಕ್ಕೆ ನಾಲ್ಕು ಬರಬೇಕು. ಉಗುರಿನ ದಪ್ಪದಷ್ಟು ಕಡಿಮೆ ಬಂತು. ಬಗ್ಗಿ ನೋಡಿದರೆ ಸಿಮೆಂಟು ನೆಲಕ್ಕೆ ಉಜ್ಜಿ ಕಾಲುಗಳ ತುದಿ ಸವೆದಿತ್ತು. ರೈತರ ಮೊಣಕಾಲುಗಳನ್ನು ಅಳೆದು ಬರುವ ಲೆಕ್ಕ ಇದಲ್ಲ.

ಎಡಗಡೆಯ ಹಿಂದಿನ ಕಾಲಿನ ಒಳಮೈಯಲ್ಲಿ, ಆಸನದ ಕೆಳಗೆ, ಬಡಗಿಯ ಪೆನ್ಸಿಲಿನ ಸಣ್ಣ ಗೀರುಗಳಿವೆ. ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ ಕಾಣುತ್ತವೆ. ಆಸನದಿಂದ ಕೆಳಕ್ಕೆ ಹಿಡಿದರೆ ದಾರದ ಪಾಲುಗಳು ಆ ಗೀರುಗಳ ಮೇಲೆ ಬಂದು ನಿಲ್ಲುತ್ತವೆ. ವಾಚನಾಲಯ ಸಂಜೆ ತೆರೆದಿರುತ್ತದೆ. ಕುರ್ಚಿ ಪತ್ರಿಕೆಗಳ ಮೇಜಿನ ಹತ್ತಿರ ಇದೆ. ಅದರಲ್ಲಿ ಯಾವಾಗಲೂ ಯಾರಾದರೂ ಕಾಲು ಮಡಿಸಿಕೊಂಡು ಕೂತಿರುತ್ತಾರೆ. ಸ್ವಲ್ಪ ಹೊತ್ತು ಏಳಲು ಹೇಳಿ, ಅಳೆದು ನೋಡಿ.